ಅರವತ್ತು ಕಿಲೋ ಮರಿಗೊಂದು ಕೊಟ್ಟಿಗೆ

ಏನೇನು ಆಗಬಹುದಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯಾನು ಗುಬ್ಬಿ ದಾಟುವ ಮೊದಲೇ ಅವನು ನನ್ನ ಮಡಿಲಲ್ಲಿ ವಾಂತಿ ಮಾಡಿಕೊಳ್ಳಬಹುದಿತ್ತು. ಹಿಂದಿನ ಬಾಗಿಲಿನ ಚಿಲಕ ಕಳಚಿ ಅವನು ರಸ್ತೆಗೆ ಉರುಳಬಹುದಿತ್ತು, ಉರುಳಿದವನ ಹಿಂದೆಯೇ ತೆಂಗಿನಕಾಯಿ ಲಾರಿಯೊಂದು ಬರುತ್ತಿರಬಹುದಿತ್ತು. ಎದುರು ಬಂದ ಕುರಿಮಂದೆ ಕಂಡು ಕಿಟಕಿಯಿಂದ ಹಾರಬಹುದಿತ್ತು. ಹೋದ ಮನೆಯಲ್ಲಿ ಮುದ್ದೆ ಒಗ್ಗದೆ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳಬಹುದಿತ್ತು. ದೊಡ್ಡ ಜಾತಿಯ ನಾಯಿಗಳಿಗೆ ಹಾಗಾದರೆ ಡಾಕ್ಟರ ಹತ್ತಿರ ಹೋಗುವಷ್ಟೂ ಹೊತ್ತು ಸಿಗುವುದಿಲ್ಲ ಎಂದು ಓದಿಕೊಂಡಿದ್ದೆ. ತೋಟದಲ್ಲಿ ಹಾವು ಕಚ್ಚಬಹುದಿತ್ತು. ಬೋರ್‌ವೆಲ್ಲಿನ ವೈರು ಕಡಿಯಬಹುದಿತ್ತು. ಹಸು ಅವನಿಗೆ ಒದೆಯಬಹುದಿತ್ತು, ಅವನು ಹಸುವಿಗೆ ಕಚ್ಚಬಹುದಿತ್ತು. ತೆಂಗಿನ ಮರದ ಕೆಳಗೆ ಮಲಗಿದ್ದಾಗ ಕಾಯಿ ತಲೆಯ ಮೇಲೆ ಬೀಳಬಹುದಿತ್ತು. ಚಿರತೆ ಬರಬಹುದಿತ್ತು.

ಇದಿಷ್ಟನ್ನೂ ನಾನು ಹಾಳೆಯ ಮೇಲೆ ಬರೆದುಕೊಂಡಿದ್ದೆ. ವ್ಯಾನು ಓಡಿಸುತ್ತಿದ್ದ ನನ್ನ ಗಂಡ ಅದನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡಿ, "ವಿಮಾನ ಬೀಳೋದೊಂದು ಬಿಟ್ಟಿದೀಯ ಕಣೇ" ಅಂದರು.

ಹಾಳೆಯಲ್ಲಿ ಬರೆಯದೆ ಬಿಟ್ಟದ್ದು ಇನ್ನೊಂದಿತ್ತು. ಅದು ಮಿಕ್ಕ ಎಲ್ಲಕ್ಕಿಂತ ದೊಡ್ಡದು. ಅವನು ಮೂರನೇ ಸಲ ವಾಪಸ್ ಬರಬಹುದಿತ್ತು.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ವಯಸ್ಸು ಐವತ್ತೆರಡು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ವಾಪಸ್ ಓಡುವವಳು. ಗ್ಯಾಸ್ ಯಾವಾಗಲೂ ಆಫ್ ಆಗಿಯೇ ಇರುತ್ತದೆ. ಆದರೆ ನೋಡಲು ಬಂದ ಗಡಿಬಿಡಿಯಲ್ಲಿ ಬೀಗ ಸರಿಯಾಗಿ ಹಾಕಿದೆನೋ ಇಲ್ಲವೋ ಎಂಬುದು ಆಮೇಲೆ ಶುರುವಾಗುತ್ತದೆ. ಇಂಥವಳು ಬೀದಿಪಾಲಾದ ದೊಡ್ಡ ದೊಡ್ಡ ನಾಯಿಗಳನ್ನು ಮನೆಯಲ್ಲಿಟ್ಟುಕೊಂಡು, ಗುಣಪಡಿಸಿ, ಬೇರೆ ಮನೆ ಹುಡುಕಿ ಕೊಡುವ ಕೆಲಸಕ್ಕೆ ಯಾಕೆ ಕೈ ಹಾಕಿದಳು ಎಂದು ಕೇಳುವವರಿದ್ದಾರೆ. ಕೆಲವರು ನನ್ನ ಎದುರೇ ದೊಡ್ಡ ಮನಸ್ಸು ಅಂತಲೂ ಅಂದಿದ್ದಾರೆ. ಮನಸ್ಸೇನೂ ದೊಡ್ಡದಲ್ಲ, ಹೆದರಿಕೆ ದೊಡ್ಡದು. ಫೋನ್ ಬಂದಾಗ ಆಗುವುದಿಲ್ಲ ಅಂದುಬಿಟ್ಟರೆ ಆ ನಾಯಿಗೆ ಏನಾಗುತ್ತದೋ ಎಂಬ ಯೋಚನೆಯಲ್ಲಿ ನನಗೆ ವಾರಗಟ್ಟಲೆ ಅನ್ನ ಸೇರುವುದಿಲ್ಲ. ಹೂಂ ಅಂದುಬಿಟ್ಟರೆ ಆ ಒಂದು ಚಿಂತೆ ಹೋಗುತ್ತದೆ, ಹೊಸದಾಗಿ ಇಪ್ಪತ್ತು ಬರುತ್ತವೆ. ಆದರೂ ಅವು ಕೈಗೆ ಸಿಗುವಂಥ ಚಿಂತೆಗಳು.

ಊರಲ್ಲಿ ನಾವು ಐದಾರು ಜನ ಇದ್ದೇವೆ, ಒಂದು ವಾಟ್ಸಾಪ್ ಗ್ರೂಪ್ ಇದೆ. ಸಣ್ಣ ನಾಯಿಗಳಿಗೆ ಬೇಗ ಮನೆ ಸಿಗುತ್ತದೆ. ಅಂಗೈಯಗಲ ಇದ್ದಾಗ ಮುದ್ದು ಮಾಡಿ ಕೊಂಡುತಂದು, ವರ್ಷ ತುಂಬುವುದರೊಳಗೆ ಬಾಗಿಲಿನಷ್ಟು ಬೆಳೆದುಬಿಟ್ಟಿತು ಎಂದು ಹೈವೇಯಲ್ಲಿ ಕಟ್ಟಿಹೋದವೆಲ್ಲ ನನ್ನ ಪಾಲಿಗೆ ಬರುತ್ತವೆ, ಯಾಕೆಂದರೆ ವ್ಯಾನು ಇರುವುದು ನಮ್ಮ ಮನೆಯಲ್ಲಿ. ನಮ್ಮಲ್ಲಿ ಒಂದು ನಿಯಮವಿದೆ. ಬಂದ ನಾಯಿಗೆ ನಾವು ಹೆಸರಿಡುವುದಿಲ್ಲ. ಅದು ಮುಂದೆ ಹೋಗುವ ಮನೆಯವರ ಹಕ್ಕು. ಅಲ್ಲಿಯವರೆಗೆ ಎಲ್ಲವೂ ಬರೀ 'ಮರಿ'.

ಈ ಮರಿ ಅರವತ್ತು ಕಿಲೋ ಇತ್ತು. ಗ್ರೇಟ್ ಡೇನ್. ಬಿಳಿ ಮೈಮೇಲೆ ಕಪ್ಪು ಮಚ್ಚೆ, ಮೇಜಿನ ಮೇಲಿನ ಅನ್ನದ ತಟ್ಟೆಯನ್ನು ಕತ್ತು ಬಗ್ಗಿಸಿ ಮೂಸುವಷ್ಟು ಎತ್ತರ. ಕುಣಿಗಲ್ ಬೈಪಾಸಿನಲ್ಲಿ ಒಂದು ಮುಚ್ಚಿದ ಡಾಬಾದ ಕಂಬಕ್ಕೆ ನೈಲಾನ್ ಹಗ್ಗದಲ್ಲಿ ಕಟ್ಟಿದ್ದರು. ಹಗ್ಗ ಚರ್ಮದೊಳಗೆ ಕೂತಿತ್ತು. ಗಾಯ ವಾಸಿಯಾದ ಮೇಲೂ ಕತ್ತಿನ ಸುತ್ತ ಕೂದಲು ಬರಲಿಲ್ಲ. ಹಲ್ಲು ನೋಡಿದ ಡಾಕ್ಟರು ಆರು ವರ್ಷ ಇರಬಹುದು ಅಂದರು. ಅವನ ಜಾತಿಗೆ ಅದು ಮುದಿ ವಯಸ್ಸು.

ಮೊದಲ ಮನೆ ತುಮಕೂರಿನದೇ. ಹೊಸ ಮನೆ, ಹೊಸ ಸೋಫಾ, ಒಳ್ಳೆಯ ಜನ. ಹನ್ನೊಂದನೇ ದಿನ ಕರೆದುಕೊಂಡು ಬಂದುಬಿಟ್ಟರು. ಅವನು ಖುಷಿಯಾಗಿ ಬಾಲ ಬೀಸಿದಾಗಲೆಲ್ಲ ಟೀಪಾಯಿ ಮೇಲಿನದು ನೆಲಕ್ಕೆ ಬೀಳುತ್ತಿತ್ತಂತೆ. "ಖುಷಿಯಾಗಿರಬೇಡ ಅಂತ ಹೇಗೆ ಹೇಳೋದು ಮೇಡಂ?" ಎಂದು ಆ ಹೆಂಗಸು ಅತ್ತೇಬಿಟ್ಟರು. ಎರಡನೆಯದು ಕುಣಿಗಲ್ಲಿನ ಹತ್ತಿರ ಒಂದು ಇಟ್ಟಿಗೆ ಗೂಡು. ಕಾವಲಿಗೆ ಬೇಕು ಅಂದಿದ್ದರು. ಮೂರು ವಾರದ ಮೇಲೆ ಮಾಲೀಕರೇ ಫೋನ್ ಮಾಡಿದರು. "ಮೇಡಂ, ಇದು ಬೊಗಳಲ್ಲ. ಯಾರೇ ಬರ್ಲಿ ಗೇಟಿಗೆ ಹೋಗಿ ನೆಂಟರನ್ನ ಕರ್ಕೊಂಡು ಬಂದಂಗೆ ಒಳಗೆ ಕರ್ಕೊಂಡು ಬರ್ತದೆ. ನೀವೇ ಮಡೀಕಳಿ."

ಎರಡನೇ ಸಲ ವಾಪಸ್ ಬಂದಾಗ ಅವನು ನಾಲ್ಕು ದಿನ ಊಟ ಮುಟ್ಟಲಿಲ್ಲ. ಅಡುಗೆಮನೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಮೊಸರನ್ನ ಬೆರಳಲ್ಲಿ ಹಚ್ಚಿದರೂ ನೆಕ್ಕಲಿಲ್ಲ, ಕರೆದರೆ ಕಿವಿ ಮಾತ್ರ ಅಲುಗುತ್ತಿತ್ತು. ಡಾಕ್ಟರು ಎದೆಗೆ ಯಂತ್ರ ಇಟ್ಟು ಕೇಳಿ, "ಇನ್ನೊಂದ್ಸಲ ಹಿಂಗಾದ್ರೆ ತಡ್ಕೊಳಲ್ಲ ಮೇಡಂ. ಕೊಟ್ರೆ ಉಳಿಯೋ ಕಡೆ ಕೊಡಿ, ಇಲ್ಲ ನೀವೇ ಇಟ್ಕೊಳಿ" ಅಂದರು.

ನಾವೇ ಇಟ್ಟುಕೊಳ್ಳಬಹುದಿತ್ತು, ಮನೆ ನಮ್ಮದಾಗಿದ್ದರೆ. ನಾವಿರುವುದು ಮಹಡಿಯ ಬಾಡಿಗೆ ಭಾಗದಲ್ಲಿ. ಓನರು ಕೆಳಗಿರುತ್ತಾರೆ, ರಿಟೈರಾದವರು. ಇವನಿಗೂ ಮೊದಲು ಬಂದುಹೋದ ಒಂಬತ್ತು ನಾಯಿಗಳನ್ನು ಅವರು ಹಲ್ಲು ಕಚ್ಚಿಕೊಂಡು ಸಹಿಸಿದ್ದರು. ಇವನ ಸಮಸ್ಯೆ ಏನೆಂದರೆ ಮಲಗುವಾಗ ಮೊದಲು ಕೂತು ಆಮೇಲೆ ಮಲಗುವ ಪದ್ಧತಿ ಇರಲಿಲ್ಲ. ನಿಂತಲ್ಲಿಂದ ಒಂದೇ ಸಲಕ್ಕೆ, ಅಕ್ಕಿ ಮೂಟೆ ಇಳಿಸಿದ ಹಾಗೆ ಧಡ್ ಎಂದು ಬೀಳುತ್ತಿದ್ದ. ಕೆಳಗೆ ಅವರ ದೇವರ ಮನೆ. "ನಿಮ್ಮ ನಾಯಿ ಮಲಗಿದಾಗೆಲ್ಲ ದೀಪ ಅಲ್ಲಾಡ್ತದೆ. ಈ ತಿಂಗಳ ಕೊನೆವರೆಗೂ ನೋಡ್ತೀನಿ ಮೇಡಂ. ಆಮೇಲೆ ಅದು ಹೋಗ್ಬೇಕು, ಇಲ್ಲ ನೀವು" ಅಂದರು. ಅವರದೇನೂ ತಪ್ಪಿಲ್ಲ.

ತಿಂಗಳ ಕೊನೆಯ ಭಾನುವಾರಕ್ಕೆ ಆರು ದಿನ ಇದ್ದಾಗ ಸಿ.ಎಸ್. ಪುರದ ಕಡೆಯಿಂದ ಫೋನ್ ಬಂತು. ನಲವತ್ತರ ಆಸುಪಾಸಿನ ರೈತ. ತೆಂಗಿನ ತೋಟ, ಮೂರು ಹಸು, ಮನೆಯಲ್ಲಿ ತಾಯಿ ಮತ್ತು ಹೆಂಡತಿ. ಗ್ರೂಪಿನ ಫೋಟೋ ಯಾರೋ ಅವನಿಗೆ ಕಳಿಸಿದ್ದರು. ಸಾಮಾನ್ಯವಾಗಿ ನಾನು ನಾಯಿಯನ್ನು ಬಿಟ್ಟು ಒಬ್ಬಳೇ ಹೋಗಿ, ಇಪ್ಪತ್ತಮೂರು ಪ್ರಶ್ನೆ ಕೇಳಿ, ಕಾಂಪೌಂಡು ಅಳೆದು ಬರುತ್ತೇನೆ. ಈ ಸಲ ಅದಕ್ಕೆ ಹೊತ್ತಿರಲಿಲ್ಲ. ಸರಿಬರದಿದ್ದರೆ ಅದೇ ವ್ಯಾನಿನಲ್ಲಿ ವಾಪಸ್ ಎಂದು ತೀರ್ಮಾನಿಸಿ ಮರಿಯನ್ನು ಹತ್ತಿಸಿಕೊಂಡೇ ಹೊರಟೆವು.

ಮನೆಯ ಮುಂದೆ ಜಗಲಿಯ ಮೇಲೆ ಆ ರೈತನ ತಾಯಿ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಎಪ್ಪತ್ತು ದಾಟಿದ ಸಣಕಲು ಜೀವ, ದೊಡ್ಡ ಕುಂಕುಮ. ವ್ಯಾನಿನ ಹಿಂದಿನ ಬಾಗಿಲಿನಿಂದ ಮೊದಲು ಎರಡು ಕಾಲು, ಆಮೇಲೆ ತಲೆ, ಎಷ್ಟೋ ಹೊತ್ತಿನ ಮೇಲೆ ಉಳಿದದ್ದು ಇಳಿದುಬಂದಿದ್ದನ್ನು ನೋಡಿ ಅವರ ಕೈ ನಿಂತಿತು.

"ಲೇ, ನಾಯಿ ತತ್ತಾರೆ ಅಂದಲ್ಲೋ. ಕರ ತಂದವ್ರೆ?"

"ನಾಯೀನೇ ಕಣವ್ವ, ಸರ್ಯಾಗ್ ನೋಡು" ಅಂದ ಮಗ.

"ಎಷ್ಟ್ ಲೀಟ್ರು ಕೊಡ್ತದಂತೆ ಕೇಳು ಮತ್ತೆ."

ನನ್ನ ಗಂಡ ನಕ್ಕರು. ನಾನು ನಗಲಿಲ್ಲ, ನನ್ನ ಕೈಯಲ್ಲಿ ಹಾಳೆ ಇತ್ತು. ನೀರಿನ ತೊಟ್ಟಿ ಎಲ್ಲಿ, ಔಷಧಿ ಹೊಡೆಯುವ ಡ್ರಮ್ಮು ಎಲ್ಲಿಡುತ್ತೀರಿ, ಕರೆಂಟಿನ ವೈರು ನೆಲದ ಮೇಲಿದೆಯಾ ಎಂದು ಶುರುಮಾಡಿದೆ. ಎರಡು ಕಡೆ ಕೊಟ್ಟು ವಾಪಸ್ ಬಂದದ್ದನ್ನೂ ಮುಚ್ಚಿಡದೆ ಹೇಳಿದೆ. ಮಗ ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟ. ಹದಿನಾಲ್ಕನೇ ಪ್ರಶ್ನೆಗೆ ಸಿಕ್ಕಿಹಾಕಿಕೊಂಡೆವು.

"ಚಿರತೆ ಇದೆಯಾ ಈ ಕಡೆ?"

"ಇಲ್ದೇ ಏನ್ ಮೇಡಂ. ಊರ್ಡಿಗೆರೆಯಿಂದ ಹುಲಿಯೂರುದುರ್ಗದವರ್ಗೂ ಎಲ್ಲಿಲ್ಲ ಹೇಳಿ? ಹೋದ್ ವರ್ಷ ನಮ್ದೇ ಒಂದು ನಾಯಿ ಎತ್ಕೊಂಡೋಯ್ತು. ಪಕ್ಕದ್ಮನೇದು ಎರಡು."

"ಹಾಗಾದ್ರೆ ರಾತ್ರಿ ಇವನು ಮನೆ ಒಳಗೇ ಮಲಗ್ಬೇಕು. ಬಾಗಿಲು ಹಾಕಿರ್ಬೇಕು."

ಮೊರದಲ್ಲಿನ ಕೈ ಮತ್ತೆ ನಿಂತಿತು. "ನಾಯಿ ಹೊಸ್ಲು ದಾಟಂಗಿಲ್ಲ" ಅಂದರು ಆ ತಾಯಿ. ಕೋಪವೇನೂ ಇರಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ನಾನು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದರು.

"ಅಮ್ಮಾ, ಹೊರಗೆ ಕಟ್ಟೋದಾದ್ರೆ ನಾನು ಕೊಡಲ್ಲ."

"ಕೊಡ್ಬ್ಯಾಡ ಬುಡವ್ವ. ನಾನೇನ್ ಕೇಳ್ದೆನಾ?"

ಮಗ ನೆಲ ನೋಡಿದ. ನಾನು ಹಾಳೆ ಮಡಿಚಿದೆ. ಓನರ ದೇವರ ದೀಪ, ಅಡುಗೆಮನೆಯ ಗೋಡೆ, ಡಾಕ್ಟರ ಮಾತು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆದರೆ ಚಿರತೆಯ ಬಾಯಿಗೆ ಕಟ್ಟಿಬರುವುದಕ್ಕಂತೂ ಆಗುವುದಿಲ್ಲವಲ್ಲ. "ಹೊರಡೋಣ ರೀ" ಅಂದು ತಿರುಗಿದರೆ ನಮ್ಮ ಹೀರೋ ಅಲ್ಲಿರಲಿಲ್ಲ. ಬೆಲ್ಟಿನ ತುದಿ ಹಿಡಿದಿದ್ದ ನನ್ನ ಗಂಡ ಮಾತು ಕೇಳುತ್ತಾ ಅದನ್ನು ಯಾವಾಗಲೋ ಬಿಟ್ಟಿದ್ದರು.

ಧಡ್ ಅನ್ನುವ ಸದ್ದು ಕೇಳಿತು. ಮನೆಯ ಪಕ್ಕದ ಕೊಟ್ಟಿಗೆಯಿಂದ.

ಓಡಿದೆವು. ಮೂರು ಹಸುಗಳಲ್ಲಿ ಕೊನೆಯದರ ಪಕ್ಕ, ಒಣಹುಲ್ಲಿನ ಮೇಲೆ, ನಾಲ್ಕೂ ಕಾಲು ಚಾಚಿ ಮಲಗಿದ್ದ. ಆ ಹಸುವೂ ಕಪ್ಪು ಬಿಳುಪಿನದೇ. ಅದು ತಲೆ ತಗ್ಗಿಸಿ ಇವನ ಕಿವಿ ಮೂಸಿತು, ಪುಸ್ಸೆಂದು ಉಸಿರುಬಿಟ್ಟಿತು, ಆಮೇಲೆ ಉದ್ದನೆಯ ನಾಲಿಗೆ ತೆಗೆದು ಇವನ ಹಣೆಯನ್ನು ಒಂದು ಸಲ ನೆಕ್ಕಿತು. ಇವನು ಕಣ್ಣು ಮುಚ್ಚಿದ. ಒದೆಯುವುದು, ಕಚ್ಚುವುದು ಎರಡೂ ನನ್ನ ಪಟ್ಟಿಯಲ್ಲಿದ್ದವು. ಇದು ಇರಲಿಲ್ಲ.

ಆ ತಾಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಚಿರತೆ ಒಂದು ಕರುವನ್ನು ಹೊತ್ತೊಯ್ದ ಮೇಲೆ ಆ ಕೊಟ್ಟಿಗೆಗೆ ಕಬ್ಬಿಣದ ಜಾಲರಿ, ಕಬ್ಬಿಣದ ಬಾಗಿಲು, ಒಳಗೊಂದು ಲೈಟು ಹಾಕಿಸಿದ್ದರು. ನಮ್ಮ ಬಾಡಿಗೆ ಮನೆಗಿಂತ ಭದ್ರವಾಗಿತ್ತು.

"ಇದು ನಾಯಿ ಅಲ್ಲ ಬುಡ್ಲಾ" ಎಂದು ಕೊನೆಗೆ ಮಗನಿಗೆ ಹೇಳಿದರು. "ಇಲ್ಲೇ ಬಿದ್ಕೊಳ್ಳಿ. ಕೊಟ್ಟಿಗೆಗೆ ಏನ್ ಶಾಸ್ತ್ರವೋ ಅದೇ ಇದಕ್ಕೂ."

ಹೊಸ್ತಿಲೂ ಉಳಿಯಿತು, ಬಾಗಿಲೂ ಸಿಕ್ಕಿತು. ನನಗೆ ತಕ್ಷಣ ಸಮಾಧಾನವಾಗಿಬಿಟ್ಟಿತು ಎಂದು ಯಾರೂ ತಿಳಿಯಬಾರದು. ಸೊಳ್ಳೆ ಬಗ್ಗೆ ಕೇಳಿದೆ.

ಆಮೇಲೆ ವ್ಯಾನಿನಿಂದ ಅವನ ಚೀಲ ಇಳಿಸಿದೆ. ಸ್ಟೀಲ್ ಬೇಸಿನ್ನು, ಕಂಬಳಿ, ಕೀಲುನೋವಿನ ಮಾತ್ರೆ, ನಾನು ಹನ್ನೊಂದು ಪುಟ ಬರೆದಿದ್ದ ಸೂಚನೆಗಳು, ಜೊತೆಗೆ ಆಗಷ್ಟೇ ಅವನ ಮೈಯಿಂದ ಬಿಚ್ಚಿದ್ದ, ಕತ್ತಿಗೆ ತಾಗದ ಹಾಗೆ ಎದೆಗೆ ಹಾಕುವ ಬೆಲ್ಟು. ತಾಯಿ ಒಂದೊಂದಾಗಿ ತೆಗೆದುಕೊಂಡರು. ಬೆಲ್ಟು ಬಂದಾಗ ಕೈ ಹಿಂದಕ್ಕೆಳೆದುಕೊಂಡರು.

"ಹಗ್ಗ ಬ್ಯಾಡ. ನೀನೇ ತಗಂಡೋಗು."

"ಇದು ಹಗ್ಗ ಅಲ್ಲಮ್ಮ, ಬೆಲ್ಟು. ಒಳ್ಳೇದು, ಮೆತ್ತಗಿದೆ."

"ಯಾವ್ದೋ ಒಂದು. ದನ ಕೊಟ್ಟೋರು ಹಗ್ಗ ಕೊಡಬಾರ್ದು ಕಣವ್ವ. ಹಗ್ಗ ಕೊಟ್ರೆ ಕೊಟ್ಟೋರ ಕೊಟ್ಟಿಗೆ ಬರಿದಾಯ್ತದೆ. ಅಷ್ಟೂ ಗೊತ್ತಿಲ್ವಾ?"

"ನಮ್ಮ ಕೊಟ್ಟಿಗೆ ಬರಿದಾದ್ರೆ ಸಾಕು ಅಂತ ಮನೆ ಓನರ್ ಕಾಯ್ತಾ ಇದಾರೆ ಅಜ್ಜಿ" ಅಂದರು ನನ್ನ ಗಂಡ.

ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನೇ ನೋಡಿದರು. "ಎರಡು ಕಡೆ ಕೊಟ್ಟಿದ್ದೆ, ವಾಪಸ್ ಬಂತು ಅಂದ್ಯಲ್ಲ. ಅವಾಗ ಇದನ್ನ ಕೊಟ್ಟಿದ್ದಾ?"

"ಎರಡು ಸಲವೂ ಕೊಟ್ಟಿದ್ದೆ."

"ಮತ್ತಿನ್ನೇನು? ನಿಮ್ಮನೆ ಹಗ್ಗ ಮೈಮ್ಯಾಲೆ ಇರಗಂಟ ಅದಕ್ಕೆ ನಿಮ್ಮನೇನೇ ಮನೆ. ಬರ್ದೆ ಇನ್ನೇನ್ ಮಾಡ್ತದೆ?"

ಮೂವತ್ತು ವರ್ಷ ಮಕ್ಕಳಿಗೆ ಕಾರಣ ಬೇರೆ, ಕಾಕತಾಳೀಯ ಬೇರೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಪಾಠ ಮಾಡಿದವಳು ನಾನು. ಆದರೆ ಚಿಂತೆಯವರ ಕಷ್ಟವೇ ಇದು. ಯಾವ ಕಾರಣವನ್ನೂ ತಳ್ಳಿಹಾಕುವ ಧೈರ್ಯ ಇರುವುದಿಲ್ಲ. ಟೀಪಾಯಿ, ಬಾಲ, ಇಟ್ಟಿಗೆ ಗೂಡು ಎಲ್ಲ ಮರೆತು, ಅಯ್ಯೋ ಬೆಲ್ಟಿನಿಂದಲೇ ಆಗಿರಬಹುದಲ್ಲ ಅನ್ನಿಸಿತು. ಬೆಲ್ಟನ್ನು ಸುತ್ತಿ ನನ್ನ ವ್ಯಾನಿಟಿ ಬ್ಯಾಗಿನೊಳಗೆ ತುರುಕಿ ಜಿಪ್ ಎಳೆದುಬಿಟ್ಟೆ.

ತಾಯಿ ಒಳಗೆ ಹೋಗಿ ಒಂದು ಹೊಸ ಹಗ್ಗ ತಂದರು. ಅದರ ತುದಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಹೊಸ ದನ ಬಂದಾಗ ಹೊಸ ಹಗ್ಗ, ಅದು ಆ ಮನೆಯ ಪದ್ಧತಿ. ಹಗ್ಗ ಕಂಡದ್ದೇ ಇವನು ಎದ್ದು ಗೋಡೆಗೆ ಅಂಟಿಕೊಂಡ. ಹಿಂಗಾಲು ನಡುಗುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ ನಡುಗಿದರೆ ಪಕ್ಕದ ಜಾಲರಿಯೂ ಅಲುಗುತ್ತದೆ. ನಾನು ಬಾಯಿ ತೆಗೆಯುವುದರೊಳಗೆ ಅವರು ಹತ್ತಿರ ಹೋಗಿ, ಕತ್ತಿನ ಸುತ್ತ ಕೂದಲಿಲ್ಲದ ಗೆರೆಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದರು. ಪೂರ್ತಿ ಒಂದು ಸುತ್ತು.

"ಯಾವ್ ಮುಂಡೇದು ಹಿಂಗೆ ಕಟ್ಟಿದ್ದು?" ಅಂದರು.

ಅವರು ಆ ಹಗ್ಗವನ್ನು ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದರು. "ಶಾಸ್ತ್ರಕ್ಕೆ ತೋರ್ಸಿದ್ದಾಯ್ತು. ಕಟ್ಟೋದ್ ಬ್ಯಾಡ."

ಮೊದಲ ತಿಂಗಳು ಪರೀಕ್ಷೆಯ ತಿಂಗಳು ಎಂದು ಮಾತಾಗಿತ್ತು. ಅವರಿಗೆ ಬೇಡವೆನಿಸಿದರೆ ನಾನು ಬಂದು ಕರೆದೊಯ್ಯಬೇಕು. ಎಲ್ಲಿಗೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ತಿಂಗಳು ನಾನು ದಿನಾ ಫೋನ್ ಮಾಡಿದೆ. ದಿನಕ್ಕೊಂದು ಹೊಸ ಭಯ. ಮೊದಲ ವಾರ ಮಗ ಎತ್ತುತ್ತಿದ್ದ. ಆಮೇಲೆ ತಾಯಿಯೇ ಎತ್ತತೊಡಗಿದರು.

"ಊಟ ಮಾಡಿದ್ನಾಮ್ಮ?"

"ಮೂರ್ ಮುದ್ದೆ ನುಂಗವ್ನೆ. ನೀನ್ ಉಂಡ್ಯಾ?"

"ಹುಣ್ಣುಗಿಣ್ಣು ಆಗಿದೆಯಾ, ಉಣ್ಣೆ ಏನಾದ್ರೂ ಹತ್ತಿದೆಯಾ?"

"ಕಿವೀಲಿ ಎರಡಿದ್ವು, ಕಿತ್ತಾಕ್ದೆ. ಇನ್ನೇನ್ ಬೇಕು, ಹೇಳಿಬುಡು, ಒಲೆ ಮ್ಯಾಲೆ ಹಾಲೈತೆ."

ಒಂದು ದಿನ ಮಾತ್ರ ಅವರು ತಾವಾಗಿ, "ಒಂದ್ ವಿಷ್ಯ ಮಾತಾಡ್ಬೇಕಿತ್ತು ಕಣವ್ವ, ಬಂದಾಗ ಹೇಳ್ತೀನಿ" ಅಂದರು. ಅಷ್ಟು ಸಾಕಾಯಿತು. ಉಳಿದ ಒಂಬತ್ತು ದಿನ ನನಗೆ ಗೊತ್ತಿದ್ದದ್ದು ಒಂದೇ, ಅವರು ವಾಪಸ್ ಕೊಡುತ್ತಾರೆ. ಗಂಡ "ಬೇರೆ ಏನಾದ್ರೂ ಇರ್ಬೋದು" ಅಂದರೆ ಅವರ ಮೇಲೆ ರೇಗಿದೆ. ಒಂದು ಸಂಜೆ ಓನರ ಮುಂದೆ ನಿಂತು ಇನ್ನೊಂದು ತಿಂಗಳು ಕೇಳಲು ಬಾಯಿ ತೆಗೆದು, ನೀರಿನ ಮೋಟಾರಿನ ಬಗ್ಗೆ ಮಾತಾಡಿ ಬಂದೆ.

ತಿಂಗಳು ತುಂಬಿದ ದಿನ ಅವನನ್ನು ತುಮಕೂರಿಗೆ ಕರೆತಂದು ಡಾಕ್ಟರಿಗೆ ತೋರಿಸುವುದೆಂದು ಮೊದಲೇ ಮಾತಾಗಿತ್ತು. ಬೆಳಿಗ್ಗೆ ಹೋದಾಗ ತಾಯಿ ಮನೆಯಲ್ಲಿರಲಿಲ್ಲ, ತೋಟಕ್ಕೆ ಹೋಗಿದ್ದರು. ಮಗ ಅವನನ್ನು ವ್ಯಾನಿಗೆ ಹತ್ತಿಸಿ, "ಸಾಯಂಕಾಲ ಹಾಲು ಕರಿಯೋ ಹೊತ್ಗೆ ತಂದ್ಬುಡಿ ಮೇಡಂ. ಐದೂವರೆ. ಅವ್ವ ಹೇಳವ್ಳೆ" ಅಂದ. ವಿಷಯ ಮಾತಾಡುವುದಕ್ಕೆ ಎಂದುಕೊಂಡೆ.

ಡಾಕ್ಟರು ಎದೆ ಕೇಳಿದರು, ತೂಕ ನೋಡಿದರು. ಮೂರು ಕಿಲೋ ಹೆಚ್ಚಾಗಿದ್ದ. "ಫಸ್ಟ್‌ಕ್ಲಾಸಾಗಿದಾನೆ, ಕರ್ಕೊಂಡ್ ಹೋಗಿ" ಅಂದರು. ಆಗಿನ್ನೂ ಮೂರು ಗಂಟೆ. ಅಲ್ಲಿಂದ ಹೊರಟುಬಿಡಬಹುದಿತ್ತು. ಆದರೆ ಫಸ್ಟ್‌ಕ್ಲಾಸ್ ಎಂದರೆ ನನಗೆ ನಂಬಿಕೆ ಕಡಿಮೆ. ಹೃದಯದ ಫೋಟೋ ಒಂದು ತೆಗೆಸೋಣ ಅಂದೆ. ಆ ಯಂತ್ರದ ಮುಂದೆ ಎರಡು ಬೆಕ್ಕು, ಒಂದು ಮೇಕೆ ಸಾಲಿನಲ್ಲಿದ್ದವು. ಮೇಕೆಯನ್ನು ಮಲಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಫೋಟೋದಲ್ಲೂ ಫಸ್ಟ್‌ಕ್ಲಾಸ್ ಅಂತಲೇ ಬಂತು. ನಾವು ಸಿ.ಎಸ್. ಪುರ ತಲುಪಿದಾಗ ಏಳು ಗಂಟೆ.

ಗೇಟಿನ ಹತ್ತಿರ ತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬಾಗಿಲು ತೆರೆದದ್ದೇ ಅವನು ಇಳಿದು, ನನ್ನ ಕಡೆ ತಿರುಗಿಯೂ ನೋಡದೆ, ಅವರ ಪಕ್ಕದಿಂದ ಸರಿದು ಕೊಟ್ಟಿಗೆಗೆ ಓಡಿದ. ಧಡ್ ಎಂಬ ಸದ್ದು ಬಂತು. ಅವರು ಆ ಸದ್ದು ಬರುವವರೆಗೂ ಕಾದು ನನ್ನ ಕಡೆ ತಿರುಗಿದರು.

"ಐದೂವರೆ ಅಂದಿದ್ನಲ್ಲ!"

"ಅಮ್ಮಾ, ಅದು... ನೀವು ಅದೇನೋ ಮಾತಾಡ್ಬೇಕು ಅಂದಿದ್ರಲ್ಲ..."

"ಅದೇ ಮಾತು. ಆ ಕರಿಬಿಳಿ ಹಸ ಇವನು ಪಕ್ಕದಾಗೆ ಇಲ್ದಿದ್ರೆ ಹಾಲು ಬುಡಾಕಿಲ್ಲ ಅಂತದೆ, ಅದನ್ನೇ ಹೇಳಾಣ ಅಂತಿದ್ದೆ. ಇನ್ಮ್ಯಾಲೆ ಹಾಲು ಕರಿಯೋ ಹೊತ್ನಾಗೆ ಇವನ್ನ ಯಾರ ಕೈಗೂ ಕೊಡಾಕಿಲ್ಲ, ನಿನ್ ಕೈಗೂನೂವೆ. ಡಾಕ್ಟ್ರು ಬೇಕಾದ್ರೆ ಇಲ್ಲಿಗೇ ಬರ್ಲಿ."

ಹಿಂದಿನಿಂದ ಗಂಡ ಸಣ್ಣಗೆ ಕೆಮ್ಮಿದರು. ನಾನು ಆ ತಾಯಿಯ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡರು. ಕೋಪ ಇಳಿದಿರಲಿಲ್ಲ.

ಅಷ್ಟರಲ್ಲಿ ಮಗ ಡೈರಿಯಿಂದ ಖಾಲಿ ಕ್ಯಾನು ಹಿಡಿದು ಬಂದ. ನನ್ನನ್ನು ಕಂಡು ಸಂಕೋಚದಿಂದ ನಕ್ಕ. ಕರಿಬಿಳಿ ಹಸು ಸಂಜೆಯೆಲ್ಲ ಗೇಟಿನ ಕಡೆ ನೋಡುತ್ತಾ ನಿಂತಿತ್ತಂತೆ. ಎಷ್ಟು ಎಳೆದರೂ ಪೂರ್ತಿ ಹಾಲು ಬಿಡಲಿಲ್ಲವಂತೆ. ಆವತ್ತು ಅವರ ಮನೆಯಿಂದ ಡೈರಿಗೆ ಒಂದೂವರೆ ಲೀಟರ್ ಹಾಲು ಕಡಿಮೆ ಹೋಯಿತು.